ತಂಗಿಯ ಊರಿನ ಕೆಂಪು ಚುಕ್ಕಿಗಳು

ಅಮೆರಿಕದ ಒಂದು ಸಣ್ಣ ಊರಿನಲ್ಲಿ ಯಾವ ವಾರ ಎಷ್ಟು ಹೊಡೆದಾಟ ಆಯಿತು, ಯಾವ ಬೀದಿಯಲ್ಲಿ ಯಾರು ಯಾರನ್ನು ಹೆದರಿಸಿ ಏನು ಕಿತ್ತುಕೊಂಡರು ಎಂಬುದೆಲ್ಲ ನನಗೆ ಬಾಯಿಪಾಠವಾಗಿದ್ದ ಕಾಲವೊಂದಿತ್ತು. ಆ ಊರನ್ನು ನಾನು ಕಣ್ಣಿನಿಂದ ಕಂಡಿರಲಿಲ್ಲ. ನಾನಿರುವುದು ಲಂಡನ್ನಿನ ಕ್ವೀನ್ಸ್‌ಬರಿಯಲ್ಲಿ. ಮನೆಯವರು ಕೆಲಸಕ್ಕೆ, ಮಗಳು ಯೂನಿವರ್ಸಿಟಿಗೆ ಹೋದ ಮೇಲೆ, ಬೇರೆ ಹೆಂಗಸರು ದೇವರ ಸ್ತೋತ್ರ ಕೇಳುವ ಹೊತ್ತಿಗೆ, ನಾನು ಕಾಫಿ ಲೋಟ ಮುಂದಿಟ್ಟುಕೊಂಡು ಆ ಊರಿನ ಪೊಲೀಸರು ವಾರಕ್ಕೊಮ್ಮೆ ಹಾಕುವ ಪಟ್ಟಿಯನ್ನು ಭಕ್ತಿಯಿಂದ ಓದುತ್ತಿದ್ದೆ.

ಆ ಊರಿನಲ್ಲಿ ನನ್ನ ತಂಗಿ ಇದ್ದಾಳೆ. ಮಕ್ಕಳಿಲ್ಲ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದುಕೊಂಡು ಊರಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತಾಳೆ. ನಾವಿಬ್ಬರೂ ಧಾರವಾಡದವರು, ಒಂದೇ ಕಾನ್ವೆಂಟಿನಲ್ಲಿ ಓದಿದವರು. ಆದರೆ ಕಾನ್ವೆಂಟು ಅವಳಿಗೆ ಧೈರ್ಯ ಕಲಿಸಿತು, ನನಗೆ ಅಂದವಾದ ಅಕ್ಷರ ಕಲಿಸಿತು. ಆ ಅಂದವಾದ ಅಕ್ಷರದಲ್ಲಿ ಮಗಳ ಹಳೆಯ ಗ್ರಾಫ್ ಪುಸ್ತಕದ ಮೇಲೆ ಆ ಊರಿನ ಹೆಸರು ಬರೆದು, ಕೆಳಗೆ ಸ್ಕೇಲಿಟ್ಟು ಗೆರೆ ಎಳೆದಿದ್ದೆ. ಕಳ್ಳತನಕ್ಕೆ ನೀಲಿ ಚುಕ್ಕಿ. ಹೊಡೆತ, ಬೆದರಿಕೆ, ಆಯುಧ ಇದ್ದರೆ ಕೆಂಪು ಚುಕ್ಕಿ. ಮಗಳು ಒಂದು ದಿನ ಅದನ್ನು ತೆರೆದು ನೋಡಿ, "ಅಮ್ಮಾ, ದಿಸ್ ಈಸ್ ವಾಟ್ ಸೀರಿಯಲ್ ಕಿಲ್ಲರ್ಸ್ ಡೂ" ಅಂದಳು. ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಾನು ಪುಸ್ತಕ ಕಿತ್ತುಕೊಂಡು ಅಕ್ಕಿ ಡಬ್ಬಿಯ ಹಿಂದೆ ಇಟ್ಟೆ.

ಈ ವಿದ್ಯಾಭ್ಯಾಸ ಶುರುವಾಗಿದ್ದು ತಂಗಿಯ ಮೊಣಕಾಲಿನಿಂದ. ಎಡಮೊಣಕಾಲು ಪೂರ್ತಿ ಸವೆದಿದೆ, ಹೊಸದು ಹಾಕಬೇಕು ಅಂತ ಡಾಕ್ಟರು ಹೇಳಿದ್ದರು. ಆಪರೇಷನ್ ಆದ ಮೇಲೆ ಐದಾರು ವಾರ ಮನೆಯಲ್ಲಿ ಯಾರಾದರೂ ಜೊತೆಗಿರಬೇಕು. ಯಾರೂ ಇಲ್ಲದಿದ್ದರೆ ಆಸ್ಪತ್ರೆಯವರು ಮನೆಗೆ ಕಳಿಸುವುದಿಲ್ಲ, ಊರಾಚೆಯ ಒಂದು ಆರೈಕೆ ಕೇಂದ್ರಕ್ಕೆ ಕಳಿಸುತ್ತಾರೆ. ತಂಗಿ ಅದನ್ನು ಒಮ್ಮೆ ಹೋಗಿ ನೋಡಿ ಬಂದಿದ್ದಳು. ಅಲ್ಲಿ ಎಲ್ಲರೂ ಒಳ್ಳೆಯವರೇ, ಆದರೆ ಮಧ್ಯಾಹ್ನದ ಊಟ ಹನ್ನೊಂದಕ್ಕೆ, ರಾತ್ರಿಯದು ನಾಲ್ಕೂವರೆಗೆ ಅಂದಳು. ಆಮೇಲೆ, "ಅಕ್ಕಾ, ನೀ ಬರ್ತೀಯೇನ?" ಅಂತ ಕೇಳಿದಳು.

ನನ್ನ ತಂಗಿ ಬುದ್ಧಿ ಬಂದಾಗಿನಿಂದ ನನ್ನ ಹತ್ತಿರ ಏನನ್ನೂ ಕೇಳಿದವಳಲ್ಲ. ಕೇಳಿದಾಗ ನಾನು ಕೊಟ್ಟ ಉತ್ತರ, "ನೋಡೂಣು ತಡಿ, ನಿಮ್ಮ ಊರಾಗ ಗಲಾಟಿ ಭಾಳ ಅಂತಾರ." ಯಾರೂ ಅಂದಿರಲಿಲ್ಲ. ಹಾಗೆ ಅಂದುಬಿಟ್ಟ ಮೇಲೆ, ಅಂದ ಮಾತಿಗೆ ಆಧಾರ ಬೇಕಲ್ಲ ಅಂತ ಹುಡುಕುತ್ತ ಹೋದೆ. ಗ್ರಾಫ್ ಪುಸ್ತಕ ಹುಟ್ಟಿದ್ದು ಹೀಗೆ.

ಸಣ್ಣ ಊರಿನ ಅಪರಾಧಗಳಲ್ಲಿ ಒಂದು ಸೊಗಸಿದೆ. ಎರಡಿದ್ದದ್ದು ಮೂರಾದರೆ ಐವತ್ತು ಪರ್ಸೆಂಟ್ ಏರಿತು ಅಂತ ಹೇಳಬಹುದು. ನಾನು ಫೋನಿನಲ್ಲಿ, ಚುಕ್ಕಿಯ ಬಣ್ಣದ ಸಮೇತ, ಹೇಳುತ್ತಲೂ ಇದ್ದೆ. ತಂಗಿ ತಾಳ್ಮೆಯಿಂದ ಕೇಳಿ, ಆ ಮೂರರಲ್ಲಿ ಎರಡು ಒಂದೇ ಹೆಂಡದಂಗಡಿಯ ಮುಂದೆ ಅದೇ ಇಬ್ಬರು ಅಣ್ಣತಮ್ಮಂದಿರು ಹೊಡೆದಾಡಿಕೊಂಡದ್ದು ಅನ್ನುತ್ತಿದ್ದಳು. ಒಂದು ಸಲ ಪಟ್ಟಿಯಲ್ಲಿ ಅವಳದೇ ಬೀದಿಯ ಹೆಸರು ಬಂತು: ಹಿಮ ಎತ್ತುವ ಸಲಿಕೆ ಹಿಡಿದು ನೆರೆಯವನನ್ನು ಬೆದರಿಸಿದ ವ್ಯಕ್ತಿ. ಕೆಂಪು ಚುಕ್ಕಿ ಇಟ್ಟ ಕೈಯಿಂದಲೇ ಅವಳಿಗೆ ಫೋನ್ ಮಾಡಿ, ಬಾಗಿಲು ಸರಿಯಾಗಿ ಹಾಕಿಕೊಂಡಿದ್ದೀಯಾ ಅಂತ ಕೇಳಿದೆ.

"ಅಂವಾ ನಮ್ಮ ಬಾಜೂ ಮನಿ ಅಜ್ಜ," ಅಂದಳು. "ಅವತ್ತ ಸಂಜೀಕ ಅದ ಸಲಿಕಿ ತಗೊಂಡ ನನ್ನ ಅಂಗಳದ್ದ ಹಿಮಾನೂ ತಗದ ಹೋದ."

ಚುಕ್ಕಿಯನ್ನು ಅಳಿಸಬೇಕಿತ್ತು. ಅಳಿಸಲಿಲ್ಲ.

ಇದಕ್ಕಿಂತ ನಾಚಿಕೆಯ ವಿಷಯ ಇನ್ನೊಂದಿದೆ. ಹಳೆಯ ವರ್ಷಗಳ ಲೆಕ್ಕವೂ ಸಿಕ್ಕಿ, ಎಲ್ಲ ಚುಕ್ಕಿಗಳನ್ನೂ ಸೇರಿಸಿ ಗೆರೆ ಎಳೆದಾಗ, ಗೆರೆ ಇಳಿಯುತ್ತ ಬಂದಿತ್ತು. ತಂಗಿಯ ಊರು ವರ್ಷದಿಂದ ವರ್ಷಕ್ಕೆ ತಣ್ಣಗಾಗುತ್ತಿತ್ತು. ಒಡಹುಟ್ಟಿದವಳಿಗೆ ಸಂತೋಷವಾಗಬೇಕು. ನನಗೆ ಆಗಲಿಲ್ಲ. ಆಮೇಲೆ ನಾನು ಮೊದಲ ಕೆಲವು ವರ್ಷಗಳನ್ನು ಬಿಟ್ಟು, ಎಲ್ಲಕ್ಕಿಂತ ಶಾಂತವಾಗಿದ್ದ ವರ್ಷದಿಂದ ಗೆರೆ ಶುರು ಮಾಡಿದೆ. ಈಗ ಅದು ಸ್ವಲ್ಪ ಏರಿದಂತೆ ಕಾಣುತ್ತಿತ್ತು. ಕಾನ್ವೆಂಟಿನಲ್ಲಿ ಗಣಿತ ಕಲಿಸುತ್ತಿದ್ದ ಮದರ್ ನೋಡಿದ್ದರೆ ಅಂಗೈ ಚಾಚಲು ಹೇಳುತ್ತಿದ್ದರು.

ಇಷ್ಟೆಲ್ಲ ಅಧ್ಯಯನ ಮಾಡುವವಳು ತನ್ನ ಬೀದಿಯ ಬಗ್ಗೆ ಏನು ತಿಳಿದಿದ್ದಳು ಅಂತ ಕೇಳಬಹುದು. ಒಂದು ಬೆಳಿಗ್ಗೆ ಕರಿಬೇವು ತರಲು ಹೋದಾಗ ಅಂಗಡಿಸಾಲಿನ ಮುಂದೆ ಪೊಲೀಸರು ಯಾರೂ ದಾಟದಂತೆ ನೀಲಿ ಬಿಳಿ ಟೇಪು ಕಟ್ಟಿದ್ದರು. ನಾನು ಸುತ್ತುಹಾಕಿ ಹಿಂದಿನ ದಾರಿಯಿಂದ ಹೋಗಿ ಕರಿಬೇವು ತಂದೆ, ಜೊತೆಗೆ ಒಂದು ಕಟ್ಟು ಮೆಂತ್ಯ. ಏನಾಯಿತು ಅಂತ ಇವತ್ತಿಗೂ ಕೇಳಿಲ್ಲ. ತಂಗಿಯೇ ಒಮ್ಮೆ ತಿರುಗಿಸಿ, ನಿಮ್ಮ ಲಂಡನ್ನಿನಲ್ಲಿ ಜನ ಚಾಕು ಇಟ್ಟುಕೊಂಡು ಓಡಾಡುತ್ತಾರಂತಲ್ಲ ಅಂದಾಗ, ಅದೆಲ್ಲ ಬೇರೆ ಕಡೆ, ನಮ್ಮ ಕಡೆ ಸಂಭಾವಿತರು ಅಂದೆ.

ನಿಜ ಹೇಳಬೇಕೆಂದರೆ ನನಗೆ ಅಮೆರಿಕದ ಕಳ್ಳರ ಭಯ ಇರಲಿಲ್ಲ. ನನ್ನ ಭಯವೆಲ್ಲ ನನ್ನ ಮನೆಯ ಒಲೆಯ ಪಕ್ಕದಲ್ಲೇ ಇತ್ತು. ಅದು ಅವ್ವನ ಈಳಿಗೆ.

ಸಾಗುವಾನಿಯ ಸಣ್ಣ ಮಣೆ, ಅದರಿಂದ ಎದ್ದು ಹಂಸದ ಕೊರಳಿನಂತೆ ಬಾಗಿದ ಕಬ್ಬಿಣದ ಅಲಗು, ತುದಿಯಲ್ಲಿ ತೆಂಗಿನಕಾಯಿ ತುರಿಯುವ ಹಲ್ಲುಗಳು. ನೆಲದ ಮೇಲೆ ಇಟ್ಟು, ಮಣೆಯನ್ನು ಕಾಲಿನಿಂದ ಒತ್ತಿ ಹಿಡಿದು, ತರಕಾರಿಯನ್ನು ಅಲಗಿಗೆ ಒಯ್ಯಬೇಕು. ಅವ್ವ ಹೋದ ಮೇಲೆ ಪಾತ್ರೆ ಪಡಗ ಹಂಚಿಕೊಳ್ಳುವಾಗ ಇದನ್ನು ಮೊದಲು ಎತ್ತಿಕೊಂಡವಳು ತಂಗಿ. ಅಡುಗೆಮನೆಯ ಬಾಗಿಲಲ್ಲಿ ಎದೆಗವಚಿಕೊಂಡು ನಿಂತಿದ್ದಳು. ನಾನು, ನಿನಗೆ ನೆಲದ ಮೇಲೆ ಕೂತು ಹೆಚ್ಚುವುದು ಎಲ್ಲಿ ಬರುತ್ತದೆ, ಅಲ್ಲಿ ಒಬ್ಬಳೇ ಯಾರಿಗೆ ಹೆಚ್ಚುತ್ತೀ ಅಂತ ಹೇಳಿ ಅವಳ ಕೈಯಿಂದಲೇ ತೆಗೆದುಕೊಂಡೆ. ಅವಳ ಗಂಡ ಹೋಗಿ ಆಗ ಒಂದು ವರ್ಷವೂ ಆಗಿರಲಿಲ್ಲ. ಯಾರಿಗೆ ಹೆಚ್ಚುತ್ತೀ ಅನ್ನುವ ಮಾತು ಬಾಯಿಂದ ಹೊರಟ ಮೇಲೆ ನನಗೆ ಕೇಳಿಸಿತು. ಅವಳು ತಿರುಗಿ ಉಳಿದ ಪಾತ್ರೆಗಳನ್ನು ಎಣಿಸತೊಡಗಿದಳು.

ನಮ್ಮ ಮನೆಯಲ್ಲಿ ಈಳಿಗೆ, ಚಾಕು, ಕತ್ತರಿ ಯಾವುದನ್ನೂ ಕೈಯಿಂದ ಕೈಗೆ ಕೊಡುವಂತಿರಲಿಲ್ಲ. ಕೆಳಗಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಕೈಗೆ ಕೊಟ್ಟರೆ ಜಗಳ ಬರುತ್ತದೆ ಅನ್ನುತ್ತಿದ್ದಳು ಅವ್ವ. ಜಗಳ ಬಂದಿದ್ದರೆ ಚೆನ್ನಾಗಿತ್ತು, ಮುಗಿದುಹೋಗುತ್ತಿತ್ತು. ನಮಗೆ ಬಂದದ್ದು ಮರ್ಯಾದೆ. ವಾರಕ್ಕೊಂದು ಫೋನ್, ಹವಾಮಾನ, ಬಿ.ಪಿ., ಆಮೇಲಾಮೇಲೆ ಅಪರಾಧಗಳ ಪಟ್ಟಿ. ಅವಳ ಮನೆಗೆ ಹೋದರೆ ಐದಾರು ವಾರ ಒಂದೇ ಅಡುಗೆಮನೆಯಲ್ಲಿ ಮುಖ ನೋಡಿಕೊಂಡು ಇರಬೇಕು. ಅದಕ್ಕಿಂತ ಊರಿನ ತುಂಬ ಕೊಲೆಗಾರರಿದ್ದರೆ ವಾಸಿ ಅನ್ನಿಸಿತ್ತು.

ಆಪರೇಷನ್ನಿಗೆ ಒಂದು ತಿಂಗಳು ಉಳಿದಿತ್ತು. ಮಗಳು ತಾನೇ ಮುಂದಾಗಿ ಅಮೆರಿಕಕ್ಕೆ ಹೋಗಲು ತುಂಬಬೇಕಾದ ಅರ್ಜಿಯನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ಅರ್ಧ ತುಂಬಿಸಿದಳು. ಅದರಲ್ಲಿ ನಿಮ್ಮನ್ನು ಎಂದಾದರೂ ಬಂಧಿಸಿದ್ದಾರೆಯೇ ಅಂತ ಕೇಳುವ ಪ್ರಶ್ನೆ ಬಂತು. ಸಂಭಾವಿತ ಹೆಂಗಸರಿಗೆ ಇಂಥ ಪ್ರಶ್ನೆ ಕೇಳುವ ದೇಶಕ್ಕೆ ಹೋಗುವುದಾದರೂ ಹೇಗೆ ಅಂತ ಹೇಳಿ ಎದ್ದುಹೋಗಿ ಬೇಳೆಗೆ ಒಗ್ಗರಣೆ ಹಾಕಿದೆ. ಅರ್ಜಿ ಅರ್ಧಕ್ಕೇ ನಿಂತಿತು.

ಅದರ ಮುಂದಿನ ಶನಿವಾರ ರೇನರ್ಸ್ ಲೇನಿನ ಒಂದು ಹಾಲ್‌ನಲ್ಲಿ ನಮ್ಮ ಕನ್ನಡದವರ ಹಬ್ಬದೂಟ. ಅಡುಗೆಯ ಉಸ್ತುವಾರಿ ಬೆಂಗಳೂರಿನ ಒಬ್ಬ ಹುಡುಗಿಯದು. ಹುಡುಗಿ ಅಂದರೆ ನಲವತ್ತರ ಹತ್ತಿರದವಳು, ಐಟಿ ಕಂಪನಿಯಲ್ಲಿ ದೊಡ್ಡ ಕೆಲಸ, ಕೋಸಂಬರಿಯನ್ನೂ ಪ್ರಾಜೆಕ್ಟಿನ ಹಾಗೆ ಮಾಡಿಸುವವಳು. ಕ್ಯಾರೆಟ್ ಸೌತೆಕಾಯಿಗೆಲ್ಲ ಫುಡ್ ಪ್ರೊಸೆಸರ್ ಸಾಕು ಅಂತ ಅವಳು ವಾಟ್ಸಾಪ್ ಗ್ರೂಪಿನಲ್ಲಿ ಬರೆದಾಗ ನನಗೆ ತಡೆಯಲಾಗಲಿಲ್ಲ. ಯಂತ್ರದಲ್ಲಿ ಹೆಚ್ಚಿದ ಸೌತೆಕಾಯಿ ನೀರು ಬಿಡುತ್ತದೆ, ಈಳಿಗೆಯಲ್ಲಿ ಹೆಚ್ಚಿದ್ದು ಮುತ್ತಿನಂತೆ ಇರುತ್ತದೆ, ನಾನೇ ತರುತ್ತೇನೆ ಅಂತ ಬರೆದೆ. ಮೂರು ಜನ ಕೈಮುಗಿಯುವ ಚಿತ್ರ ಹಾಕಿದರು. ಅಹಂಕಾರಕ್ಕೆ ಅಷ್ಟು ಸಾಕು.

ಮನೆಯವರು ಕಾರನ್ನು ರಿಪೇರಿಗೆ ಬಿಟ್ಟಿದ್ದರು. ಟ್ಯೂಬ್ ರೈಲಿನಲ್ಲಿ ಹೋದರಾಯಿತು ಅಂತ ಈಳಿಗೆಗೆ ಟವೆಲ್ ಸುತ್ತಿ, ಹುರಿ ಕಟ್ಟಿ, ಬಟ್ಟೆಯ ಚೀಲದಲ್ಲಿ ಇಟ್ಟುಕೊಂಡೆ. ಮೇಲೆ ಎರಡು ತೆಂಗಿನಕಾಯಿ. ಅಂಚಿನ ರೇಷ್ಮೆ ಸೀರೆ ಉಟ್ಟಿದ್ದೆ. ವೆಂಬ್ಲಿ ಪಾರ್ಕಿನಲ್ಲಿ ರೈಲು ಬದಲಾಯಿಸಿ, ಚೀಲವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತೆ. ಎದುರಿಗಿದ್ದ ಮುದುಕಿ ನೋಡಿ ಮುಗುಳ್ನಕ್ಕಳು. ನನ್ನ ಚೀಲದಲ್ಲಿ ಒಂದು ಅಡಿ ಉದ್ದದ ಅಲಗಿದೆ ಅನ್ನುವುದು ನನ್ನ ತಲೆಗೆ ಬಂದೇ ಇರಲಿಲ್ಲ. ಇದ್ದದ್ದು ಅವ್ವನ ಈಳಿಗೆ, ಅಷ್ಟೇ.

ರೇನರ್ಸ್ ಲೇನ್ ಸ್ಟೇಷನ್ನಿನಲ್ಲಿ ಮೆಟ್ಟಿಲು ಹತ್ತಿ ಬಂದರೆ ಟಿಕೆಟ್ ಗೇಟಿನ ಆಚೆ ಪೊಲೀಸರು ಏರ್‌ಪೋರ್ಟಿನಲ್ಲಿರುವಂಥ ಕಮಾನು ನಿಲ್ಲಿಸಿದ್ದರು. ಒಬ್ಬೊಬ್ಬರನ್ನೇ ಅದರ ಕೆಳಗೆ ಕಳಿಸುತ್ತಿದ್ದರು. ಆಗಲಿ, ನಮ್ಮ ಒಳ್ಳೆಯದಕ್ಕೇ ಅಂತ ಮೆಚ್ಚಿಕೊಳ್ಳುತ್ತ ನಾನು ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಕಮಾನು ಕೂಗಿತು. ಬಳೆ ಇರಬೇಕು ಅಂತ ನಾನೇ ಬಳೆ ತೆಗೆದೆ. ಮತ್ತೆ ಕೂಗಿತು. ಆಗ ಎತ್ತರದ ಪೊಲೀಸನೊಬ್ಬ, ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವನಿರಬಹುದು, ಬಹಳ ವಿನಯದಿಂದ ಚೀಲದಲ್ಲಿ ಏನಿದೆ ಅಂತ ಕೇಳಿದ. ನಾನೂ ಅಷ್ಟೇ ವಿನಯದಿಂದ ತೆಂಗಿನಕಾಯಿಗಳನ್ನು ಅವನ ಕೈಗಿತ್ತು, ಹುರಿ ಬಿಚ್ಚಿ, ಟವೆಲ್ ತೆಗೆದೆ.

ಹಿಂದಿನ ಸಾಲು ತಾನಾಗಿಯೇ ಎರಡು ಹೆಜ್ಜೆ ಹಿಂದೆ ಸರಿಯಿತು.

ಪೊಲೀಸ ತೆಂಗಿನಕಾಯಿಗಳನ್ನು ಜೊತೆಯವಳಿಗೆ ದಾಟಿಸಿ, ಅದನ್ನು ನನಗೆ ಕೊಡಿ ಅಂತ ಕೈ ಚಾಚಿದ. ಕೊಟ್ಟುಬಿಡಬೇಕಿತ್ತು. ಆದರೆ ಐವತ್ತು ವರ್ಷದ ಅಭ್ಯಾಸ ನನಗಿಂತ ಮೊದಲು ಕೆಲಸ ಮಾಡಿತು. ನಾನು ತಲೆ ಅಲ್ಲಾಡಿಸಿ, ಬಗ್ಗಿ, ಈಳಿಗೆಯನ್ನು ಅವನ ಬೂಟಿನ ಮುಂದೆ ನೆಲದ ಮೇಲಿಟ್ಟೆ. ಇಟ್ಟ ಈಳಿಗೆ ಮಗುಚಿ ಯಾರ ಕಾಲಿಗಾದರೂ ತಾಗೀತು ಅಂತ ಮಣೆಯ ಮೇಲೆ ಒಂದು ಕಾಲನ್ನೂ ಊರಿದೆ. ಅವನು ಹಿಂದೆ ಸರಿಯಿರಿ ಅಂದ. ಸರಿದರೆ ಮಗುಚುತ್ತದೆ ಅಂದೆ. ಇನ್ನೊಮ್ಮೆ ಹೇಳಿದ, ದನಿ ಬದಲಾಗಿತ್ತು. ಅವನ ಜೊತೆಯವಳು ಭುಜದ ಮೇಲಿನ ವೈರ್‌ಲೆಸ್ಸಿಗೆ ಏನೋ ಹೇಳತೊಡಗಿದಳು.

ಕೈಗೆ ಯಾಕೆ ಕೊಡಲಿಲ್ಲ ಅಂತ ಕೇಳಿದಾಗ ನಾನು ಕಾನ್ವೆಂಟಿನ ಅಚ್ಚ ಇಂಗ್ಲಿಷಿನಲ್ಲಿ, ಕೊಟ್ಟರೆ ನಿಮಗೂ ನನಗೂ ಜಗಳವಾಗುತ್ತದೆ ಅಂದೆ. ಅದು ಎಚ್ಚರಿಕೆಯೋ ಬೆದರಿಕೆಯೋ ಅಂತ ಅವನ ಮುಖ ಲೆಕ್ಕ ಹಾಕುತ್ತಿರುವುದು ಕಾಣುತ್ತಿತ್ತು. ಇದನ್ನು ಹಿಡಿದುಕೊಳ್ಳುವುದು ಹೇಗೆ ಅಂತ ಕೇಳಿದ. ಹಿಡಿಯುವುದಿಲ್ಲ, ಕೂರುತ್ತೇವೆ, ಬೇಕಾದರೆ ತೋರಿಸುತ್ತೇನೆ ಅಂತ ಸೀರೆಯ ನೆರಿಗೆ ಎತ್ತಿದೆ. ದಯವಿಟ್ಟು ಬೇಡ ಅಂತ ಇಬ್ಬರೂ ಒಟ್ಟಿಗೆ ಹೇಳಿದರು.

ಆಮೇಲೆ ನನ್ನನ್ನು ಗೋಡೆಯ ಪಕ್ಕ ನಿಲ್ಲಿಸಿದರು. ಹೆಸರು, ವಿಳಾಸ, ಹುಟ್ಟಿದ ದಿನ ಬರೆದುಕೊಂಡರು. ಇಷ್ಟು ಉದ್ದದ ಅಲಗನ್ನು ಸರಿಯಾದ ಕಾರಣವಿಲ್ಲದೆ ಹೊರಗೆ ಒಯ್ಯುವುದು ಅಪರಾಧ, ನೀವು ಹೇಳುವುದು ಖಾತ್ರಿಯಾಗದಿದ್ದರೆ ಬಂಧಿಸಬೇಕಾಗುತ್ತದೆ ಅಂತ ಆ ಹೆಣ್ಣುಮಗಳು ಮೆಲ್ಲಗೆ ವಿವರಿಸಿದಳು. ನನ್ನ ಕಾರಣ ಏನು ಅಂತ ಬರೆಯಲು ಪೆನ್ನು ಹಿಡಿದು ಕಾಯುತ್ತಿದ್ದಳು.

"ಕೋಸಂಬರಿ," ಅಂದೆ.

ಆ ಸಾಲನ್ನು ಅವಳು ಖಾಲಿ ಬಿಟ್ಟಳು. ಹಾಲ್‌ನಿಂದ ಯಾರಾದರೂ ಬಂದು ಹೇಳಲಿ ಅಂತ ಬೆಂಗಳೂರಿನ ಹುಡುಗಿಗೆ ಫೋನ್ ಮಾಡಲು ಬಿಟ್ಟರು. ಅವಳು ಬರುವವರೆಗೆ ನಾನು ಗೋಡೆಗೆ ಬೆನ್ನು ಹಚ್ಚಿ, ಕೈ ಹಿಂದೆ ಕಟ್ಟಿ ನಿಂತೆ. ಮದರ್ ಶಿಕ್ಷೆ ಕೊಟ್ಟಾಗ ನಿಲ್ಲುತ್ತಿದ್ದದ್ದು ಹಾಗೆಯೇ.

ಅರ್ಜಿಯ ಆ ಪ್ರಶ್ನೆ ನೆನಪಾದದ್ದು ಆಗ. ಬಂಧಿಸಿದರೆ ಹೌದು ಅಂತ ಬರೆಯಬೇಕು. ಹೌದು ಅಂತ ಬರೆದವರನ್ನು ಅವರು ಸುಲಭಕ್ಕೆ ಬಿಟ್ಟುಕೊಳ್ಳುವುದಿಲ್ಲ, ಒಂದು ತಿಂಗಳಲ್ಲಂತೂ ಇಲ್ಲ. ಇಷ್ಟು ತಿಂಗಳಿಂದ ನೀಲಿ ಕೆಂಪು ಚುಕ್ಕಿ ಇಟ್ಟು ಹುಡುಕುತ್ತಿದ್ದ ನೆಪ ತಾನಾಗಿಯೇ ಬಂದು ನನ್ನ ಕಾಲ ಬುಡದಲ್ಲಿ ಕೂತಿತ್ತು. ಇನ್ನು ಹೋಗುವಂತಿಲ್ಲ ಅಂತ ತಂಗಿಗೆ ಹೇಳಬಹುದು, ಸುಳ್ಳೂ ಆಗುವುದಿಲ್ಲ. ಸಮಾಧಾನವಾಗುತ್ತದೆ ಅಂತ ಕಾದೆ. ಆಗಲಿಲ್ಲ. ಕಣ್ಣಿಗೆ ಕಟ್ಟಿದ್ದು, ಸಂಜೆ ನಾಲ್ಕೂವರೆಗೆ ಟ್ರೇ ಮುಂದಿಟ್ಟುಕೊಂಡು ಊಟ ಮಾಡುತ್ತಿರುವ ನನ್ನ ತಂಗಿ. ಹೊರಗೆ ಇನ್ನೂ ಬಿಸಿಲಿರುತ್ತದೆ. ನನ್ನ ಕಣ್ಣಲ್ಲಿ ನೀರು ಬಂತು. ಹೆಣ್ಣು ಪೊಲೀಸು ಅದನ್ನು ತಪ್ಪಿತಸ್ಥರ ಕಣ್ಣೀರು ಅಂದುಕೊಂಡು ಟಿಶ್ಯೂ ಕೊಟ್ಟಳು. ಅವಳು ತಿಳಿದದ್ದು ಸರಿಯಾಗಿಯೇ ಇತ್ತು, ಅಪರಾಧ ಮಾತ್ರ ಬೇರೆ.

ಬೆಂಗಳೂರಿನ ಹುಡುಗಿ ಏಪ್ರನ್ ಹಾಕಿಕೊಂಡೇ ಓಡಿ ಬಂದಳು. ನನ್ನನ್ನು ನೋಡಿದಳು, ನೆಲದ ಮೇಲಿನ ಈಳಿಗೆಯನ್ನು ನೋಡಿದಳು. "ಆಂಟಿ, ಗ್ರೂಪಲ್ಲಿ ನಾನ್ ಏನ್ ಬರ್ದಿದ್ದೆ? ಫುಡ್ ಪ್ರೊಸೆಸರ್ ಸಾಕು ಅಂದಿದ್ನಾ ಇಲ್ವಾ?" ಅಂತ ಮೊದಲು ನನ್ನನ್ನು ವಿಚಾರಿಸಿಕೊಂಡಳು. ಆಮೇಲೆ ಪೊಲೀಸರ ಕಡೆ ತಿರುಗಿ, ಫೋನಿನಲ್ಲಿ ಗ್ರೂಪಿನ ಮಾತುಕತೆ ತೆರೆದು, ಮುತ್ತಿನಂತೆ ಇರುತ್ತದೆ ಅಂತ ನಾನು ಬರೆದದ್ದನ್ನು ಇಂಗ್ಲಿಷಿಗೆ ತಿರುಗಿಸಿ ಓದಿ ಹೇಳಿದಳು. ಕೈಮುಗಿಯುವ ಚಿತ್ರಗಳನ್ನೂ ತೋರಿಸಿದಳು. ಜಂಬವೇ ನನಗೆ ಸಾಕ್ಷಿಯಾಗಿ ನಿಂತಿತು.

ಪೊಲೀಸರು ನಂಬಿದರು. ಖಾಲಿ ಬಿಟ್ಟ ಸಾಲಿನಲ್ಲಿ ಅಡುಗೆ ಅಂತ ಬರೆದರು. ಇನ್ನು ಮುಂದೆ ಇದು ರೈಲು ಹತ್ತಬಾರದು, ಕಾರಿನ ಡಿಕ್ಕಿಯಲ್ಲಿ ಕಟ್ಟಿ ಒಯ್ಯಬೇಕು ಅಂತ ಹೇಳಿ, ನನ್ನನ್ನು ತಡೆದು ಶೋಧಿಸಿದ್ದಕ್ಕೆ ಒಂದು ಚೀಟಿ ಕೊಟ್ಟರು. ಶೋಧಿಸಿದ ಕಾರಣ ಎಂಬ ಜಾಗದಲ್ಲಿ ಆಯುಧ ಅಂತ ಇತ್ತು. ಹುಡುಗಿಯ ಗಂಡ ಕಾರು ತಂದು ಈಳಿಗೆಯನ್ನು ನಮ್ಮ ಮನೆಗೆ ಮುಟ್ಟಿಸಿದರು. ಕೋಸಂಬರಿಯನ್ನು ಫುಡ್ ಪ್ರೊಸೆಸರಿನಲ್ಲೇ ಮಾಡಿದರು. ಅದು ನೀರು ಬಿಡಲಿಲ್ಲ. ಎರಡು ಸಲ ಹಾಕಿಸಿಕೊಂಡೆ.

ಮನೆಗೆ ಬಂದವಳೇ, ಸೀರೆ ಕೂಡ ಬದಲಾಯಿಸದೆ, ತಂಗಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಆ ಕಡೆ ಎಷ್ಟೋ ಹೊತ್ತು ಸದ್ದಿಲ್ಲ. ಲೈನ್ ಹೋಯಿತೇನೋ ಅಂದುಕೊಂಡೆ. ಆಮೇಲೆ ತಿಳಿಯಿತು, ನಗುತ್ತಿದ್ದಳು, ಉಸಿರು ಸಿಗದ ಹಾಗೆ. ಅವ್ವ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ಕೇಳಿರಲಿಲ್ಲ.

"ಅಕ್ಕಾ," ಅಂದಳು ಕೊನೆಗೆ, "ಈಗ ನಿನ್ನ ಚುಕ್ಕಿ ಯಾವ ಬಣ್ಣದ್ದ?"

"ಕೆಂಪು," ಅಂದೆ. ಅಷ್ಟು ಹೇಳಿದ ಮೇಲೆ ಉಳಿದದ್ದೂ ಬಂತು. "ಲೇ, ಅವತ್ತ ನಾ ಹಂಗ ಅನಬಾರದಿತ್ತು. ಯಾರಿಗೆ ಹೆಚ್ಚತೀ ಅಂತ."

"ಅನಬಾರದಿತ್ತು," ಅಂದಳು. "ಬರೂದಾದ್ರ ಅದನ್ನೂ ತಗೊಂಬಾ."

ಆ ಸಂಜೆಯೇ ಮಗಳು ಅರ್ಜಿ ಮುಗಿಸಿದಳು. ಆ ಪ್ರಶ್ನೆ ಬಂದಾಗ ನನ್ನ ಮುಖ ನೋಡಿ, "ಸೋ ಕ್ಲೋಸ್, ಅಮ್ಮಾ" ಅಂದು ಇಲ್ಲ ಅನ್ನುವುದನ್ನು ಒತ್ತಿದಳು. ಮನೆಯವರು ಅಲಗಿಗೆ ರಟ್ಟು ಸುತ್ತಿ, ಟೇಪು ಹಚ್ಚಿ, ದೊಡ್ಡ ಸೂಟ್‌ಕೇಸಿನ ತಳದಲ್ಲಿಟ್ಟು, ಇದು ಚೆಕ್-ಇನ್‌ಗೆ ಹೋಗಬೇಕು, ಕೈಯಲ್ಲಿ ಹಿಡಿದುಕೊಂಡು ಹೋಗಬೇಡ ಅಂತ ಮೂರು ಸಲ ಹೇಳಿದರು. ಮೂರು ಸಲ ಯಾಕೆ ಅಂತ ನಾನು ಕೇಳುವಂತಿರಲಿಲ್ಲ.

ಆ ಊರಿಗೆ ಹೋಗಿ ಇಳಿದಾಗ ತಂಗಿಯ ಆಪರೇಷನ್ನಿಗೆ ಇನ್ನೆರಡು ದಿನ ಇತ್ತು. ಅವಳ ಮನೆಯ ಮುಂದೆ ಟ್ಯಾಕ್ಸಿಯಿಂದ ಇಳಿದರೆ, ಟೊಪ್ಪಿಗೆ ಹಾಕಿಕೊಂಡ ಒಬ್ಬ ಮುದುಕ ಪಕ್ಕದ ಅಂಗಳದಿಂದ ಬಂದು ಮಾತಿಲ್ಲದೆ ನನ್ನ ದೊಡ್ಡ ಸೂಟ್‌ಕೇಸನ್ನು ಮೆಟ್ಟಿಲ ಮೇಲೆ ಎತ್ತಿಟ್ಟು ಹೋದ. ನನ್ನ ಪುಸ್ತಕದ ಅತಿ ದೊಡ್ಡ ಕೆಂಪು ಚುಕ್ಕಿ ಅವನೇ ಅಂತ ತಂಗಿ ಆಮೇಲೆ ಹೇಳಿದಳು. ನಾನು ಓಡಿಹೋಗಿ ಥ್ಯಾಂಕ್ಸ್ ಹೇಳಿದೆ. ಅವನಿಗೆ ಯಾಕೆ ಅಷ್ಟು ಸಲ ಹೇಳುತ್ತಿದ್ದೇನೆ ಅಂತ ತಿಳಿಯಲಿಲ್ಲ.

ಅಡುಗೆಮನೆಯಲ್ಲಿ ರಟ್ಟು ಬಿಚ್ಚಿದೆ. ತಂಗಿ ವಾಕರ್ ಹಿಡಿದುಕೊಂಡು ಎದುರಿಗೆ ನಿಂತಿದ್ದಳು. ನಾನು ಅಭ್ಯಾಸದಂತೆ ಬಗ್ಗಿ, ಈಳಿಗೆಯನ್ನು ಅವಳ ಕಾಲ ಹತ್ತಿರ ನೆಲಕ್ಕಿಟ್ಟು ಹಿಂದೆ ಸರಿದೆ. ಅವಳು ಅದನ್ನು ನೋಡಿದಳು, ತನ್ನ ಮೊಣಕಾಲನ್ನು ನೋಡಿಕೊಂಡಳು.

"ಬಗ್ಗಲಿಕ್ಕೆ ಬರ್ತಿದ್ರ ನಿನ್ನ ಯಾಕ ಕರೀತಿದ್ದೆ?" ಅಂದಳು. "ಕೈಯಾಗ ಕೊಡು."

"ಜಗಳಾ ಆಗ್ತದ."

"ಆಗ್ಲಿ."

ಎತ್ತಿ ಅವಳ ಕೈಗೆ ಕೊಟ್ಟೆ. ಅವಳು ಒಂದು ಕೈಯಿಂದ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಅಲಗನ್ನು ಅಡ್ಡಡ್ಡ ಸವರಿ ನೋಡಿ, ಇಷ್ಟು ವರ್ಷದಲ್ಲಿ ಒಂದು ಸಲವಾದರೂ ಸಾಣೆ ಹಿಡಿಸಿದ್ದೀಯಾ ಅಂತ ಕೇಳಿದಳು. ಹಿಡಿಸಿಲ್ಲ ಅಂದೆ. ಅವ್ವನ ವಸ್ತು ಇಟ್ಟುಕೊಳ್ಳುವ ರೀತಿಯೇ ಇದು ಅಂದಳು. ಲಂಡನ್ನಿನಲ್ಲಿ ಸಾಣೆಯವನನ್ನು ಎಲ್ಲಿಂದ ತರಲಿ ಅಂದೆ. ಅಲ್ಲಿಂದ ಶುರುವಾದದ್ದು, ಹುಳಿಗೆ ಹುರುಳಿಕಾಯಿ ಎಷ್ಟು ಉದ್ದ ಹೆಚ್ಚಬೇಕು ಅನ್ನುವವರೆಗೆ ಹೋಯಿತು. ಅವಳು ಕುರ್ಚಿಯ ಮೇಲಿಂದ ಹುಕುಂ ಮಾಡುತ್ತಿದ್ದಳು, ನಾನು ನೆಲದ ಮೇಲೆ ಕೂತು ಮೊಂಡು ಈಳಿಗೆಯಲ್ಲಿ ಹೆಚ್ಚುತ್ತಿದ್ದೆ. ಇಬ್ಬರ ದನಿಯೂ ಏರಿತ್ತು. ಕಿಟಕಿ ತೆರೆದೇ ಇತ್ತು. ಪಕ್ಕದ ಮನೆಯ ಮುದುಕ ತನ್ನ ಅಂಗಳದಲ್ಲಿ ಎದ್ದು ನಿಂತು, ಪೊಲೀಸರಿಗೆ ಫೋನ್ ಮಾಡಲೋ ಬೇಡವೋ ಅನ್ನುವ ಹಾಗೆ ನಮ್ಮ ಕಡೆಯೇ ನೋಡುತ್ತಿದ್ದ.